ರಾಜಕಂಠಿಕೆಯ ಸಂಖ್ಯೆ: 12345654321

ನಾಸಿಕದಿಂದ ಔರಂಗಾಬಾದಿಗೆ, ಎಂದರೆ 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಪಡೆದ ನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಯೇವಲೆಯನ್ನು ದಾಟಿದ ಬಳಿಕ ವೈಜಾಪುರ ದೊರೆಯುತ್ತದೆ. ರೈಲಿನಲ್ಲಿ ಬರುವವರು ಇಳಿಯಬೇಕಾದ ನಿಲ್ದಾಣ ರೋಟೇಗಾಂವ್. ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಗೋದಾವರಿ ಹರಿಯುತ್ತದೆ. ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೇಳಿದ ನದಿ ಇದೇ. ಊರಿನ ಪೂರ್ವಕ್ಕೆ ಎಲ್ಲೋರ, ಪಶ್ಚಿಮಕ್ಕೆ ನಾಸಿಕದ ಮಗ್ಗುಲಿನ ದೇವಳಾಲಿ. ಮೂರು ಸ್ಥಳಗಳೂ ಹೆಚ್ಚು ಕಡಮೆ ಒಂದೇ ಅಕ್ಷಾಂಶರೇಖೆಯ ಮೇಲಿವೆ. ಎಲ್ಲೋರದ ಕೈಲಾಸ ದೇವಾಲಯವನ್ನು ಕೊರೆಯಿಸಿದ ರಾಷ್ಟ್ರಕೂಟರ ಮನೆತನದಲ್ಲಿಯೇ, ಮುಂದೆ ಮಾನ್ಯಖೇಟದಲ್ಲಿ, ಅಮೋಘವರ್ಷ ನೃಪತುಂಗನು ಆಳಿದನು. ಅವನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ದೇವಳಾಲಿಯಲ್ಲಿ 1930ರಿಂದ 1962ರ ವರೆಗೆ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬ ಶಾಲಾಶಿಕ್ಷಕರು ಮಕ್ಕಳಿಗೆ ಗಣಿತ ಕಲಿಸುತ್ತಿದ್ದರು. ಇವರಿಬ್ಬರ ನಡುವೆ ಸಾವಿರದ ನೂರು ವರ್ಷಗಳ ಅಂತರವುಂಟು. ಆದರೂ ಇಬ್ಬರ ಬರವಣಿಗೆಯಲ್ಲಿಯೂ ಒಂದೇ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಅದು 12345654321.

ಇಂದಿನ ರೂಢಿಯಲ್ಲಿ ಇದನ್ನು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದುತ್ತೇವೆ. ಓದುವಾಗ ಅದರ ಅಂದ ಪೂರಾ ಮರೆಯಾಗಿಬಿಡುತ್ತದೆ. ಮಹಾವೀರಾಚಾರ್ಯನ ಸ್ಥಾನನಾಮಗಳನ್ನು ಹಿಡಿದು ಓದಿದರೆ ಹಾಗಾಗುವುದಿಲ್ಲ. ಆತನು ಏಕದಿಂದ ಮಹಾಕ್ಷೋಭದ ವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅವುಗಳಲ್ಲಿ ಹನ್ನೊಂದನೆಯದು ಅರ್ಬುದ. (ಭಾಸ್ಕರನ ಲೀಲಾವತಿಯಲ್ಲಿ ಅರ್ಬುದವೆಂದರೆ ಹತ್ತು ಕೋಟಿ ಮಾತ್ರ, ದೊಡ್ಡ ಸ್ಥಾನಗಳ ಹೆಸರುಗಳಲ್ಲಿ ಭಾರತದ ಗಣಿತಜ್ಞರು ಎಂದೂ ಒಮ್ಮತಕ್ಕೆ ಬಂದವರಲ್ಲ.) ಆ ಪ್ರಕಾರ ಸಂಖ್ಯೆಯು ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು ಎಂದಾಗುತ್ತದೆ. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ನಡೆ ಕಿವಿಗೂ ಸ್ಪಷ್ಟವಾಗುತ್ತದೆ.

ಗಣಿತಸಾರಸಂಗ್ರಹವು ಒಂಬತ್ತು ಅಧಿಕಾರಗಳ ಸಂಸ್ಕೃತ ಗ್ರಂಥ; ಕಾಲ ಸುಮಾರು ಕ್ರಿ.ಶ. 850. ಇದರ ಆರಂಭದಲ್ಲಿ ನೃಪತುಂಗನ ಪ್ರಶಂಸೆಯಿದೆ. ಮದರಾಸಿನಲ್ಲಿ 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚು ಹಾಕಿಸಿದ ಮೇಲೆಯೇ ಹೊರಗಿನ ವಿದ್ವಾಂಸರಿಗೆ ಇದರ ಪರಿಚಯವಾಯಿತು. ವಲ್ಲಭನೆಂಬವನು ಇದಕ್ಕೆ ಕನ್ನಡದಲ್ಲಿ ಟೀಕೆ ಬರೆದಿದ್ದನು. ಪೂರ್ಣವಾದ ಕನ್ನಡ ಅನುವಾದವು ಪದ್ಮಾವತಮ್ಮನವರಿಂದ 2000ದಲ್ಲಿ ಹೊಂಬುಜದ ಗ್ರಂಥಮಾಲೆಯಲ್ಲಿ ಬಂದಿತು. ಗ್ರಂಥದ ಗುಣಾಕಾರ ಪ್ರಕರಣದಲ್ಲಿ ಮಹಾವೀರನು ಕೆಲವು ವಿಚಿತ್ರ ಲೆಕ್ಕಗಳನ್ನು ಮುಂದಿಡುತ್ತಾನೆ. ಗುಣ್ಯ ಗುಣಕಗಳನ್ನು ನೋಡಿದರೆ ಏನೂ ವಿಶೇಷ ತೋರದು. ಗುಣಿಸಿ ಮುಗಿಸಿದಾಗ ಮಾತ್ರ ಫಲದಲ್ಲಿ ಅಂಕಗಳು ಹಾರದ ಮಣಿಗಳಂತೆ ಎರಡು ಬದಿಗೂ ಸಮವಾಗಿ ನಿಲ್ಲುತ್ತವೆ. ಇಂಥವನ್ನು ಆತನು ಅರಸರು ಧರಿಸುವ ಕಂಠಿಕೆಗೆ, ಕಂಠಾಭರಣಕ್ಕೆ ಹೋಲಿಸಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. 142857143ನ್ನು 7ರಿಂದ ಗುಣಿಸಿದರೆ 1000000001. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 333333666667ನ್ನು 33ರಿಂದ ಗುಣಿಸಿದರೆ 11000011000011. ಇವುಗಳ ಸಾಲಿನಲ್ಲಿಯೇ 27994681ನ್ನು 441ರಿಂದ ಗುಣಿಸುವ ಲೆಕ್ಕವಿದೆ. ಫಲವು ಒಂದರಿಂದ ಆರರ ವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಆತನೇ ಬಣ್ಣಿಸಿದ್ದಾನೆ.

ಈ ವರ್ಣನೆಗೆ ಇತಿಹಾಸದಲ್ಲಿ ಇನ್ನೊಂದು ಬೆಲೆಯೂ ಉಂಟು. ಅಂಕಗಳು ಏರಿ ಇಳಿಯುತ್ತವೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಸಂಖ್ಯೆಯನ್ನು ಸ್ಥಾನಕ್ರಮದಲ್ಲಿ ಬರೆಯುವ ಪದ್ಧತಿ ಓದುಗನಿಗೆ ಕರತಲಾಮಲಕವಾಗಿರಬೇಕು. ಬರಿಯ ಹೆಸರುಗಳಿಂದ ಎಣಿಸುವ ಜನರಿಗೆ ಇದು ಹೊಳೆಯಲಾರದು. ರೋಮನ್ ಲಿಪಿಯ ಸಂಖ್ಯೆಗಳಲ್ಲಿ ಇಂಥ ಕಂಠಿಕೆಯನ್ನು ಪೋಣಿಸುವುದು ಸಾಧ್ಯವೇ ಇಲ್ಲ.

ಇನ್ನು ಈ ಫಲವು ಹೇಗೆ ಬಂದಿತೆಂಬುದನ್ನು ನೋಡಬೇಕು. 12345654321 ಎಂಬುದು 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಶಾಲೆಯ ಕ್ರಮದಲ್ಲಿ ಆರು ಸಾಲುಗಳನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯುತ್ತೇವಷ್ಟೆ. ಬಲದ ಕೊನೆಯ ಕಂಬದಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆ ನಡುವಿನ ಕಂಬದಲ್ಲಿ ಆರು ಒಂದುಗಳು ಸೇರುತ್ತವೆ, ಅಲ್ಲಿಂದಾಚೆಗೆ ಕಡಮೆಯಾಗುತ್ತವೆ. ಯಾವ ಕಂಬದಲ್ಲಿಯೂ ಮೊತ್ತ ಹತ್ತನ್ನು ಮುಟ್ಟದಿರುವುದರಿಂದ ದಶಕವನ್ನು ಮುಂದಕ್ಕೆ ಒಯ್ಯುವ ಪ್ರಸಂಗವಿಲ್ಲ. ಆಕಾರದ ಗುಟ್ಟು ಇಷ್ಟೇ.

ಆದರೆ ಮಹಾವೀರನು ಇದನ್ನು ವರ್ಗವೆಂದು ಹೇಳಲಿಲ್ಲ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಎಂದರೆ ವರ್ಗವನ್ನು ಎರಡು ವರ್ಗಗಳಾಗಿ ಒಡೆದು, ಮೂಲವು ಕಾಣದಂತೆ ಮರೆಮಾಡಿ, ಶಿಷ್ಯನ ಮುಂದಿಟ್ಟಿದ್ದಾನೆ. ಹೀಗೆ ಒಡೆಯಬೇಕಾದರೆ 111111ರ ಅಪವರ್ತನಗಳು ತಿಳಿದಿರಬೇಕು. ಅವು ಐದು ಅವಿಭಾಜ್ಯ ಸಂಖ್ಯೆಗಳು: 3, 7, 11, 13, 37. ಮೊದಲಿನ ಎರಡರ ಗುಣಲಬ್ಧ 21. ಉಳಿದ ಮೂರರದು 5291.

ಆರರಲ್ಲಿಯೇ ಏಕೆ ನಿಂತನು ಎಂಬ ಪ್ರಶ್ನೆ ಸಹಜ. ಒಂಬತ್ತರ ವರೆಗೂ ಏರಬಹುದಾಗಿತ್ತಲ್ಲ. ಇದಕ್ಕೆ ಉತ್ತರವು ಅಪವರ್ತನಗಳಲ್ಲಿಯೇ ಇದೆಯೆನ್ನಬಹುದು. ಐದು ಒಂದುಗಳ 11111 ಒಡೆಯುವುದು 41 ಮತ್ತು 271 ಎಂಬ ಎರಡೇ ಭಾಗಗಳಾಗಿ. ಏಳು ಒಂದುಗಳದು 239 ಮತ್ತು 4649 ಎಂದು. ಅವುಗಳ ವರ್ಗಗಳಿಗೆ ಭಾಜಕಗಳು ಒಂಬತ್ತೊಂಬತ್ತು ಮಾತ್ರ. ಮರೆಮಾಡಲು ಎಡೆಯೇ ಇಲ್ಲ. ಎಂಟು ಒಂದುಗಳ ವರ್ಗಕ್ಕೆ 81 ಭಾಜಕಗಳು, ಒಂಬತ್ತು ಒಂದುಗಳದಕ್ಕೆ 45. ಆರು ಒಂದುಗಳ ವರ್ಗಕ್ಕಾದರೆ 243. ಆದುದರಿಂದ 12345654321ನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ 122 ಬಗೆಗಳಲ್ಲಿ ಬರೆಯಬಹುದು. ಲೆಕ್ಕ ಕಟ್ಟುವ ಉಪಾಧ್ಯಾಯನಿಗೆ ಇದಕ್ಕಿಂತ ಉದಾರವಾದ ಸಂಖ್ಯೆ ಈ ಸಾಲಿನಲ್ಲಿ ಮತ್ತೊಂದಿಲ್ಲ.

ಒಂದು ದೊಡ್ಡ ಸಂಖ್ಯೆಯ ಜಾತಿಯನ್ನು ಗೊತ್ತುಮಾಡುವಾಗ ಎರಡು ಬಗೆಯ ಲಕ್ಷಣಗಳನ್ನು ಬೇರೆ ಬೇರೆ ಇಡುವುದು ಅವಶ್ಯಕ. ಕೆಲವು ಲಕ್ಷಣಗಳು ಸಂಖ್ಯೆಯವು. ಅದನ್ನು ಯಾವ ಲಿಪಿಯಲ್ಲಿ, ಯಾವ ಪದ್ಧತಿಯಲ್ಲಿ ಬರೆದರೂ, ಬರೆಯದೆ ಕಲ್ಲುಗಳನ್ನು ಎಣಿಸಿ ಇಟ್ಟರೂ ಅವು ಅಳಿಯುವುದಿಲ್ಲ. ಕೆಲವು ಲಕ್ಷಣಗಳು ಬರವಣಿಗೆಯವು. ಹತ್ತರ ಬದಲು ಬೇರೊಂದು ಆಧಾರದ ಮೇಲೆ ಎಣಿಸಿದರೆ ಮಾಯವಾಗುತ್ತವೆ. ಭಾಜಕಗಳು 243 ಎಂಬುದು ಮೊದಲನೆಯ ಬಗೆಯದು. ಇದೇ ಬಗೆಯಲ್ಲಿ, ಯೂಕ್ಲಿಡನ ಕಾಲದಿಂದ ಬಂದ ಒಂದು ಪರೀಕ್ಷೆಯಿದೆ: ಸಂಖ್ಯೆಯ ಎಲ್ಲ ಭಾಜಕಗಳನ್ನು, ಅದೊಂದನ್ನು ಬಿಟ್ಟು, ಕೂಡಿಸಬೇಕು. ಮೊತ್ತವು ಸಂಖ್ಯೆಗೆ ಸಮನಾದರೆ ಅದು ಪರಿಪೂರ್ಣ, ಕಡಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ. 6 ಮತ್ತು 28 ಪರಿಪೂರ್ಣ ಸಂಖ್ಯೆಗಳೆಂಬುದು ಪ್ರಸಿದ್ಧ.

12345654321ಕ್ಕೆ ಈ ಪರೀಕ್ಷೆಯನ್ನು ಮಾಡಿದರೆ ಮೊತ್ತವು 13029870672 ಬರುತ್ತದೆ. ಸಂಖ್ಯೆಗಿಂತ ಇದು 684216351ರಷ್ಟು ಹೆಚ್ಚು. ಆದುದರಿಂದ ಇದು ಸಮೃದ್ಧ. ಸಮಸಂಖ್ಯೆಗಳಲ್ಲಿ ಸಮೃದ್ಧವಾದವು ಹೇರಳ, ಬೆಸಸಂಖ್ಯೆಗಳಲ್ಲಿ ವಿರಳ. ಬೆಸಸಂಖ್ಯೆಗಳ ಪೈಕಿ ಮೊದಲನೆಯ ಸಮೃದ್ಧ ಸಂಖ್ಯೆ 945. ಐದರಿಂದ ಭಾಗವಾಗದ ಬೆಸಸಂಖ್ಯೆಗಳಲ್ಲಿ ಇನ್ನೂ ವಿರಳ. ಅವುಗಳಲ್ಲಿ ಮೊದಲನೆಯದು 81081. ನಮ್ಮ ಸಂಖ್ಯೆ ಬೆಸವೂ ಹೌದು, ಐದರಿಂದ ಭಾಗವಾಗುವುದೂ ಇಲ್ಲ. ಹೀಗಿದ್ದೂ ಸಮೃದ್ಧವಾಗಿರುವುದಕ್ಕೆ 3, 7, 11, 13 ಎಂಬ ಸಣ್ಣ ಅವಿಭಾಜ್ಯಗಳು ಎರಡೆರಡು ಸಲ ಒಟ್ಟುಗೂಡಿರುವುದೇ ಕಾರಣ.

ಇಲ್ಲಿ ಒಂದು ಸ್ವಾರಸ್ಯವಿದೆ. 37ನ್ನು ಬಿಟ್ಟು ಉಳಿದ ನಾಲ್ಕು ಅವಿಭಾಜ್ಯಗಳ ಗುಣಲಬ್ಧ 3003; ಅದರ ವರ್ಗ 9018009. ಇದರ ಎಲ್ಲ ಭಾಜಕಗಳ ಮೊತ್ತ, ಅದನ್ನೂ ಸೇರಿಸಿ, 18035199. ಪರಿಪೂರ್ಣವಾಗಬೇಕಾಗಿದ್ದರೆ ಎರಡರಷ್ಟು, ಎಂದರೆ 18036018 ಬರಬೇಕಾಗಿತ್ತು. ಕೊರತೆ 819 ಮಾತ್ರ. ಒಂದು ಕೋಟಿ ಎಂಬತ್ತು ಲಕ್ಷದಲ್ಲಿ ಎಂಟುನೂರ ಹತ್ತೊಂಬತ್ತು! ಈ ಅಲ್ಪ ಕೊರತೆಯನ್ನು ತುಂಬಲು ಹೊಸದೊಂದು ಅವಿಭಾಜ್ಯ ಸಂಖ್ಯೆಯಿಂದ ಗುಣಿಸಬೇಕೆಂದರೆ ಅದು ಯಾವುದಾಗಬೇಕು? 18035199ನ್ನು 819ರಿಂದ ಭಾಗಿಸಬೇಕು. ಶೇಷವಿಲ್ಲದೆ 22021 ಬರುತ್ತದೆ. ಫ್ರಾನ್ಸಿನ ದಾರ್ಶನಿಕ ಡೇಕಾರ್ಟನು 1638ರಲ್ಲಿ ಮೆರ್ಸೆನ್ನನಿಗೆ ಬರೆದ ಪತ್ರದಲ್ಲಿ ಇದನ್ನೇ ಎತ್ತಿ ತೋರಿಸಿದನು. 9018009ನ್ನು 22021ರಿಂದ ಗುಣಿಸಿದರೆ ಬರುವ 198585576189 ಬೆಸವಾದ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು, 22021 ಅವಿಭಾಜ್ಯವಾಗಿದ್ದರೆ. ಅದು ಅವಿಭಾಜ್ಯವಲ್ಲ, 19ರ ವರ್ಗವನ್ನು 61ರಿಂದ ಗುಣಿಸಿದ ಫಲ. ಬೆಸವಾದ ಪರಿಪೂರ್ಣ ಸಂಖ್ಯೆಯೊಂದು ಉಂಟೇ ಇಲ್ಲವೇ ಎಂಬ ಪ್ರಶ್ನೆ ಇಂದಿಗೂ ತೀರ್ಮಾನವಾಗಿಲ್ಲ. ಮಾನ್ಯಖೇಟದ ಅರಸರ ಕಂಠಿಕೆಗೂ ಡೇಕಾರ್ಟನ ಸಂಖ್ಯೆಗೂ ತಿರುಳು ಒಂದೇ, 3003ರ ವರ್ಗ. ಒಂದರಲ್ಲಿ ಅದಕ್ಕೆ 37ರ ವರ್ಗ ಜೊತೆಯಾಯಿತು, ಇನ್ನೊಂದರಲ್ಲಿ 22021.

ಕಂಠಿಕೆಯ ಸಂಖ್ಯೆಯೇ ಪರಿಪೂರ್ಣವಾಗುವ ಸಂಭವ ಮೊದಲಿನಿಂದಲೂ ಇರಲಿಲ್ಲ. ಬೆಸಸಂಖ್ಯೆಯ ಭಾಜಕಗಳೆಲ್ಲ ಬೆಸ. ವರ್ಗಸಂಖ್ಯೆಗೆ ಭಾಜಕಗಳ ಎಣಿಕೆಯೂ ಬೆಸ. ಬೆಸವಾದ ಎಣಿಕೆಯಷ್ಟು ಬೆಸಸಂಖ್ಯೆಗಳನ್ನು ಕೂಡಿಸಿದರೆ ಬೆಸವೇ ಬರುವುದು. ಎರಡರಷ್ಟಾದದ್ದು ಸಮ. ಆದುದರಿಂದ ಬೆಸವಾದ ಯಾವ ವರ್ಗವೂ ಪರಿಪೂರ್ಣವಾಗಲಾರದು.

ಸಂಖ್ಯೆಯ ಸ್ವಂತ ಲಕ್ಷಣಗಳಲ್ಲಿ ಇನ್ನೊಂದು ಮಹಾವೀರನಿಗೆ ಪ್ರಿಯವಾದ ಕ್ಷೇತ್ರಗಣಿತಕ್ಕೆ ಸೇರಿದುದು. ಎರಡು ಬೀಜಸಂಖ್ಯೆಗಳನ್ನು ಹಿಡಿದು ಲಂಬಕೋನ ತ್ರಿಭುಜವನ್ನು ಹುಟ್ಟಿಸುವ ಕ್ರಮವನ್ನು ಆತನು ಜನ್ಯವೆಂಬ ಹೆಸರಿನಲ್ಲಿ ವಿಸ್ತಾರವಾಗಿ ಹೇಳಿದ್ದಾನೆ: ಬೀಜಗಳ ವರ್ಗಗಳ ಅಂತರ ಒಂದು ಬಾಹು, ಗುಣಲಬ್ಧದ ಇಮ್ಮಡಿ ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. 16 ಮತ್ತು 15 ಬೀಜಗಳಾದರೆ ಬಾಹುಗಳು 31 ಮತ್ತು 480, ಕರ್ಣ 481. ಈ 481 ಎಂಬುದು 13 ಮತ್ತು 37ರ ಗುಣಲಬ್ಧ. ಇದನ್ನು 231ರಿಂದ ಗುಣಿಸಿದರೆ 111111. ಆಗ ಬಾಹುಗಳು 7161 ಮತ್ತು 110880. ಅವುಗಳ ವರ್ಗಗಳು 51279921 ಮತ್ತು 12294374400, ಕೂಡಿಸಿದರೆ 12345654321. ಬೀಜಗಳು 20 ಮತ್ತು 9 ಆದರೆ ಇನ್ನೊಂದು ತ್ರಿಭುಜ: ಬಾಹುಗಳು 73689 ಮತ್ತು 83160. 111111 ಕರ್ಣವಾಗಿರುವ ಪೂರ್ಣಾಂಕ ತ್ರಿಭುಜಗಳು ಒಟ್ಟು ನಾಲ್ಕು. ಉಳಿದೆರಡು 5, 12, 13ರ ಮತ್ತು 12, 35, 37ರ ತ್ರಿಭುಜಗಳನ್ನು ಹಿಗ್ಗಿಸಿದಾಗ ಬರುವಂಥವು.

ಈಗ ದೇವಳಾಲಿಗೆ ಬರಬಹುದು. ಕಾಪ್ರೇಕರರು ಹುಟ್ಟಿದ್ದು 1905ರ ಜನವರಿ 17ರಂದು, ಡಹಾಣುವಿನಲ್ಲಿ. ಠಾಣೆಯಲ್ಲಿ ಶಾಲೆ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಮುಂದಿನ ಓದು. ಅಲ್ಲಿ 1927ರಲ್ಲಿ ರ‍್ಯಾಂಗ್ಲರ್ ಪರಾಂಜಪೆಯವರ ಹೆಸರಿನ ಗಣಿತ ಬಹುಮಾನ ದೊರೆಯಿತು. 1929ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ. ಅದರಿಂದ ಮೇಲಿನ ಪದವಿಯೇನೂ ಇಲ್ಲ. ಶಾಲೆಯ ಕೆಲಸದ ನಡುವೆ ಸಂಖ್ಯೆಗಳನ್ನು ಕುರಿತು ಬರೆದರು. ಬರೆದುದರಲ್ಲಿ ಬಹುಭಾಗವನ್ನು ಸ್ವಂತ ಖರ್ಚಿನಿಂದ ಚಿಕ್ಕ ಪುಸ್ತಿಕೆಗಳಾಗಿ ಅಚ್ಚು ಹಾಕಿಸಿದರು. ನಿವೃತ್ತಿವೇತನ ಸಾಲದೆ ಕಡೆಗಾಲದಲ್ಲಿ ಮನೆಪಾಠ ಹೇಳಬೇಕಾಯಿತು. 1975ರ ಮಾರ್ಚಿನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಇವರನ್ನು ಕುರಿತು ಬರೆದ ಮೇಲೆ ಹೊರದೇಶಗಳಲ್ಲಿ ಹೆಸರು ಹಬ್ಬಿತು. 1986ರಲ್ಲಿ ದೇವಳಾಲಿಯಲ್ಲಿಯೇ ತೀರಿಕೊಂಡರು.

ಮುಂಬಯಿಯಿಂದ ಮೂವತ್ತು ಮೈಲು ದೂರದಲ್ಲಿ, ಅಂದಿನ ಜಿ. ಐ. ಪಿ. ರೈಲ್ವೆಯ ಮೇಲೆ, ಡೆಮ್ಲೊ ಎಂಬ ನಿಲ್ದಾಣವಿತ್ತು, ಇಂದಿನ ಡೊಂಬಿವಲಿ. ಆ ನಿಲ್ದಾಣದಲ್ಲಿ ಹೊಳೆದ ಯೋಚನೆಯಾದುದರಿಂದ ಕಾಪ್ರೇಕರರು ಒಂದು ಜಾತಿಯ ಸಂಖ್ಯೆಗಳಿಗೆ ಡೆಮ್ಲೊ ಸಂಖ್ಯೆಗಳೆಂದೇ ಹೆಸರಿಟ್ಟು 1938ರಲ್ಲಿ ಲೇಖನವನ್ನು ಪ್ರಕಟಿಸಿದರು. ಮುಂಬಯಿಯ ಕನ್ನಡಿಗರಲ್ಲಿ ಎಷ್ಟೋ ಮಂದಿ ದಿನಕ್ಕೆರಡು ಬಾರಿ ಹಾಯುವ ನಿಲ್ದಾಣಕ್ಕೆ ಸಂಖ್ಯಾಶಾಸ್ತ್ರದಲ್ಲಿ ಹೀಗೊಂದು ಸ್ಥಾನವುಂಟೆಂಬುದು ಬಹಳ ಜನರಿಗೆ ತಿಳಿಯದು. ಡೆಮ್ಲೊ ಸಂಖ್ಯೆಯನ್ನು ಆದಿ, ಮಧ್ಯ, ಅಂತ್ಯವೆಂದು ಮೂರು ಭಾಗ ಮಾಡಬೇಕು. ಮಧ್ಯಭಾಗದಲ್ಲಿ ಒಂದೇ ಅಂಕವಿರಬೇಕು, ಬೇಕಾದಷ್ಟು ಸಲ ಬರಬಹುದು. ಆದಿಯನ್ನೂ ಅಂತ್ಯವನ್ನೂ ಕೂಡಿಸಿದರೆ ಅದೇ ಅಂಕದ ಮಾಲೆ ಬರಬೇಕು. 121ರಲ್ಲಿ ಎರಡು ತುದಿಯ ಒಂದುಗಳು ಸೇರಿ ನಡುವಿನ ಎರಡು. 12321ರಲ್ಲಿ 12ಕ್ಕೆ 21 ಸೇರಿ 33, ನಡುವೆ 3. ನಮ್ಮ ಸಂಖ್ಯೆಯಲ್ಲಿ 12345ಕ್ಕೆ 54321 ಸೇರಿ 66666, ನಡುವೆ 6. ಒಂದುಗಳ ಮಾಲೆಯ ವರ್ಗಗಳಾದ ಇವಕ್ಕೆ ಅದ್ಭುತ ಡೆಮ್ಲೊ ಸಂಖ್ಯೆಗಳೆಂಬ ವಿಶೇಷ ಹೆಸರು ರೂಢಿಗೆ ಬಂದಿದೆ.

ಕಾಪ್ರೇಕರರು ಕಟ್ಟಿದ ಮಿಕ್ಕ ಜಾತಿಗಳಲ್ಲಿ ಈ ಸಂಖ್ಯೆಯ ಗತಿಯೇನು? ಅಂಕಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ಅವರು ಹರ್ಷದವೆಂದು ಹೆಸರಿಟ್ಟರು, ಹರ್ಷವನ್ನು ಕೊಡುವಂಥದು. 12345654321ರ ಅಂಕಗಳ ಮೊತ್ತ 36. ಸಂಖ್ಯೆ ಬೆಸವಾದುದರಿಂದ 36ರಿಂದ ಭಾಗವಾಗದು. ಹರ್ಷದವಲ್ಲ. ಒಂಬತ್ತು ಅದ್ಭುತ ಡೆಮ್ಲೊಗಳಲ್ಲಿ 1, 12321, 12345678987654321 ಈ ಮೂರೇ ಹರ್ಷದಗಳು. ಇದಕ್ಕೆ ಕಾರಣ ಸುಲಭ: ಎಷ್ಟು ಒಂದುಗಳ ವರ್ಗವೋ ಆ ಎಣಿಕೆಯ ವರ್ಗವೇ ಅಂಕಗಳ ಮೊತ್ತ. ಆದುದರಿಂದ ಒಂದುಗಳ ಮಾಲೆಯು ತನ್ನ ಉದ್ದದಿಂದಲೇ ಭಾಗವಾಗಬೇಕು. 111 ಮೂರರಿಂದ, 111111111 ಒಂಬತ್ತರಿಂದ ಭಾಗವಾಗುತ್ತವೆ. 111111 ಆರರಿಂದ ಆಗದು.

ಇನ್ನೊಂದು ಜಾತಿ ಸ್ವಯಂಭು. ಯಾವುದಾದರೂ ಸಂಖ್ಯೆಗೆ ಅದರ ಅಂಕಗಳ ಮೊತ್ತವನ್ನು ಸೇರಿಸಿದರೆ ಹೊಸ ಸಂಖ್ಯೆ ಹುಟ್ಟುತ್ತದೆ: 15ಕ್ಕೆ 6 ಸೇರಿ 21. ಆಗ 15 ಜನಕ, 21 ಜನ್ಯ. 20ಕ್ಕೆ ಮಾತ್ರ ಜನಕವೇ ಇಲ್ಲ. 31, 42, 53, 64ಕ್ಕೂ ಇಲ್ಲ. ಇಂಥ ತಂದೆಯಿಲ್ಲದ ಸಂಖ್ಯೆಗಳು ಸ್ವಯಂಭುಗಳು. ಕಾಪ್ರೇಕರರು ತಮ್ಮ ಊರಿನ ಮೇಲಿನ ಅಭಿಮಾನದಿಂದ ಇವನ್ನು ದೇವಳಾಲಿ ಸಂಖ್ಯೆಗಳೆಂದೂ ಕರೆದರು. 101ಕ್ಕಾದರೆ 91 ಮತ್ತು 100 ಎಂದು ಇಬ್ಬರು ಜನಕರು. 12345654321 ಸ್ವಯಂಭುವೇ ಎಂದು ನೋಡಲು ಹಿಂದಿನ ಎಲ್ಲ ಸಂಖ್ಯೆಗಳನ್ನು ತಡಕಬೇಕಾಗಿಲ್ಲ. ಹನ್ನೊಂದು ಅಂಕಗಳ ಮೊತ್ತ 99ನ್ನು ಮೀರದು. ನಮ್ಮ ಸಂಖ್ಯೆ ಒಂಬತ್ತರಿಂದ ಭಾಗವಾಗುವುದರಿಂದ ಜನಕವೂ ಅದರ ಅಂಕಮೊತ್ತವೂ ಒಂಬತ್ತರಿಂದ ಭಾಗವಾಗಲೇಬೇಕು. ಹೀಗೆ ಪರೀಕ್ಷಿಸಬೇಕಾದವು 9, 18, 27 ಮೊದಲಾದ ಹನ್ನೊಂದೇ. ಅವುಗಳಲ್ಲಿ 45 ಒಂದು ಹೊಂದುತ್ತದೆ: 12345654276ರ ಅಂಕಗಳ ಮೊತ್ತ 45, ಎರಡನ್ನೂ ಕೂಡಿಸಿದರೆ 12345654321. ಉಳಿದ ಹತ್ತೂ ಹೊಂದುವುದಿಲ್ಲ. ಆದುದರಿಂದ ಇದು ಸ್ವಯಂಭುವಲ್ಲ, ಒಬ್ಬನೇ ಜನಕನುಳ್ಳದ್ದು.

ಕಾಪ್ರೇಕರರ ಹೆಸರನ್ನೇ ಹೊತ್ತ ಜಾತಿಯೊಂದಿದೆ. 45ರ ವರ್ಗ 2025. ನಡುವೆ ಕಡಿದು ಕೂಡಿಸಿದರೆ 20 ಮತ್ತು 25 ಸೇರಿ ಮತ್ತೆ 45. 297, 703 ಹೀಗೆಯೇ. 142857ರ ವರ್ಗ 20408122449. 20408ಕ್ಕೆ 122449 ಸೇರಿದರೆ 142857. ನಮ್ಮ ಸಂಖ್ಯೆಗೆ ಈ ಗುಣವಿರಬೇಕಾದರೆ, ಅದನ್ನು ಅದಕ್ಕಿಂತ ಒಂದು ಕಡಮೆಯಾದುದರಿಂದ ಗುಣಿಸಿದ ಫಲವು ಹನ್ನೊಂದು ಒಂಬತ್ತುಗಳ ಸಂಖ್ಯೆಯಿಂದ ಭಾಗವಾಗಬೇಕು. ಹನ್ನೊಂದು ಒಂಬತ್ತುಗಳ ಅಪವರ್ತನಗಳಲ್ಲಿ 21649 ಎಂಬ ಅವಿಭಾಜ್ಯವಿದೆ. ಅದು 12345654321ರ ಅಪವರ್ತನಗಳಲ್ಲಿಲ್ಲ. 12345654320ನ್ನು ಅದರಿಂದ ಭಾಗಿಸಿದರೆ 8984 ಉಳಿಯುತ್ತದೆ. ಈ ಜಾತಿಗೂ ಸೇರದು.

ಲೋಕದಲ್ಲಿ ಕಾಪ್ರೇಕರರ ಹೆಸರು ಉಳಿದಿರುವುದು ಬಹುಮಟ್ಟಿಗೆ 6174ರಿಂದ. ನಾಲ್ಕೂ ಒಂದೇ ಅಲ್ಲದ ನಾಲ್ಕು ಅಂಕಗಳನ್ನು ಹಿಡಿದು, ಇಳಿಕೆಯಲ್ಲಿ ಬರೆದುದರಿಂದ ಏರಿಕೆಯಲ್ಲಿ ಬರೆದುದನ್ನು ಕಳೆಯುತ್ತ ಹೋದರೆ ಏಳು ಹೆಜ್ಜೆಗಳೊಳಗೆ ಈ ಸಂಖ್ಯೆ ಬಂದೇ ಬರುತ್ತದೆ, ಬಂದ ಮೇಲೆ ಅಲ್ಲಿಯೇ ನಿಲ್ಲುತ್ತದೆ. 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಅವರು ಇದನ್ನು ತಿಳಿಸಿದರು. ಅವರು ಹುಟ್ಟಿದ ವರ್ಷವನ್ನೇ ಹಿಡಿದರೆ 1905ರಿಂದ 9351, 8172, 7443, 3996, 6264, 4176, 6174. ಏಳು ಹೆಜ್ಜೆಗಳೂ ಬೇಕಾದವು.

ಇವೆಲ್ಲ ಗಣಿತವೇ, ಬರಿಯ ಅಂಕಗಳ ಆಟವೇ ಎಂಬ ಆಕ್ಷೇಪ ಕಾಪ್ರೇಕರರನ್ನು ಬದುಕಿನುದ್ದಕ್ಕೂ ಕಾಡಿತು. ಆಕ್ಷೇಪಕ್ಕೆ ದೊಡ್ಡವರ ಬೆಂಬಲವೂ ಇತ್ತು. ಜಿ. ಎಚ್. ಹಾರ್ಡಿ 1940ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ 8712, 9801 ಎಂಬ ಎರಡು ಸಂಖ್ಯೆಗಳು ಮಾತ್ರ ತಮ್ಮನ್ನು ತಿರುಗಿಸಿ ಬರೆದಾಗ ಬರುವ ನಾಲ್ಕಂಕಿ ಸಂಖ್ಯೆಗಳ ಗುಣಿತಗಳಾಗಿವೆಯೆಂಬುದನ್ನು ಎತ್ತಿಕೊಂಡು, ಇಂಥವು ಒಗಟಿನ ಅಂಕಣಗಳಿಗೆ ತಕ್ಕವು, ಗಣಿತಜ್ಞನ ಮನಸ್ಸನ್ನು ಸೆಳೆಯುವಂಥವಲ್ಲವೆಂದು ತೀರ್ಪಿತ್ತರು. ಈ ತೀರ್ಪನ್ನು ಸಗಟಾಗಿ ಒಪ್ಪುವುದೂ ಸರಿಯಲ್ಲ, ಅಭಿಮಾನದಿಂದ ತಳ್ಳಿಹಾಕುವುದೂ ಸರಿಯಲ್ಲ. ಜಾತಿಜಾತಿಗೆ ಪರೀಕ್ಷೆ ಬೇರೆಯಾಗಬೇಕು. ಅದಕ್ಕೆ ಕಂಠಿಕೆಯ ಸಂಖ್ಯೆಯೇ ಒಳ್ಳೆಯ ಒರೆಗಲ್ಲು.

ಹತ್ತರ ಬದಲು ಏಳರ ಆಧಾರದ ಮೇಲೆ ಎಣಿಸುವ ಒಂದು ಜನಾಂಗವನ್ನು ಊಹಿಸಬೇಕು. ಅವರಿಗೆ ಆರು ಒಂದುಗಳೆಂದರೆ ನಮ್ಮ 19608. ಅದರ ವರ್ಗ ನಮ್ಮ ಲೆಕ್ಕದಲ್ಲಿ 384473664. ಅವರು ಅದನ್ನು ಬರೆಯುವುದು 12345654321 ಎಂದೇ. ಕಂಬಗಳ ಮೊತ್ತ ಎಲ್ಲಿಯೂ ಆರನ್ನು ಮೀರದಿರುವುದರಿಂದ ಏಳರ ಲೆಕ್ಕದಲ್ಲಿಯೂ ಮುಂದಕ್ಕೆ ಒಯ್ಯುವುದು ಬೀಳುವುದಿಲ್ಲ. ಎಂಟು, ಹನ್ನೆರಡು, ಅರುವತ್ತು, ಯಾವ ಆಧಾರವಾದರೂ ಇದೇ ಮಾತು. ಒಡೆಯುವ ಬಗೆಯಲ್ಲಿ ಕೂಡ ಒಂದು ಕ್ರಮ ಉಳಿಯುತ್ತದೆ: ಆರು ಒಂದುಗಳು ಯಾವಾಗಲೂ ಎರಡು ಒಂದುಗಳು, ಮೂರು ಒಂದುಗಳು, ಮತ್ತು ಆಧಾರದ ವರ್ಗದಿಂದ ಆಧಾರವನ್ನು ಕಳೆದು ಒಂದು ಕೂಡಿಸಿದ್ದು, ಈ ಮೂರರ ಗುಣಲಬ್ಧ. ನಮ್ಮಲ್ಲಿ 11, 111, 91. ಅವರಲ್ಲಿ 8, 57, 43. ಆದುದರಿಂದ ಮಹಾವೀರನ ಕಂಠಿಕೆಯಲ್ಲಿ, ಕಾಪ್ರೇಕರರ ಅದ್ಭುತ ಡೆಮ್ಲೊದಲ್ಲಿ, ಕಾಣುವ ಆಕಾರವು ಹತ್ತರ ಕೃಪೆಯಲ್ಲ. ಬೀಜಗಣಿತದ ಒಂದು ನಿತ್ಯ ಸಮೀಕರಣವು ಅಂಕಗಳ ಉಡುಪನ್ನು ತೊಟ್ಟು ಬಂದಿದೆ.

ಹರ್ಷದದ ಮಾತು ಹಾಗಲ್ಲ. ಏಳರ ಜನಾಂಗಕ್ಕೂ 12345654321ರ ಅಂಕಗಳ ಮೊತ್ತ 36. ಆದರೆ ಅವರ ಸಂಖ್ಯೆಯನ್ನು 36ರಿಂದ ಭಾಗಿಸಿದರೆ ಶೇಷವಿಲ್ಲದೆ 10679824 ಬರುತ್ತದೆ. ಅಂಕಗಳ ಅದೇ ಮಾಲೆ ಅಲ್ಲಿ ಹರ್ಷದ, ಇಲ್ಲಿ ಅಲ್ಲ. ಸ್ವಯಂಭು, ಕಾಪ್ರೇಕರ್ ಸಂಖ್ಯೆ, 6174 ಇವೂ ಆಧಾರವನ್ನು ಅವಲಂಬಿಸಿದವೇ. ಇವುಗಳಿಗೆ ಬೆಲೆಯಿಲ್ಲವೆಂದಲ್ಲ, ಬೆಲೆಯಿರುವುದು ಯಾವ ಆಧಾರಕ್ಕೆ ಯಾವ ಸಂಖ್ಯೆಗಳು ಈ ಗುಣವನ್ನು ಪಡೆಯುತ್ತವೆಂಬ ಸಾಮಾನ್ಯ ಪ್ರಶ್ನೆಗೆ. ಕಾಪ್ರೇಕರ್ ಸಂಖ್ಯೆಗಳೆಲ್ಲ ಒಂಬತ್ತುಗಳ ಮಾಲೆಯ ಅಪವರ್ತನಗಳಿಂದ ಹುಟ್ಟುವುದನ್ನು ಮೇಲೆ ನೋಡಿದಂತೆ, ಆಟವೆಂದು ತೊಡಗಿದುದು ಭಾಜಕಗಳ ಶಾಸ್ತ್ರದಲ್ಲಿ ಹೋಗಿ ಮುಟ್ಟುತ್ತದೆ.

ಕನ್ನಡ ವಿದ್ವಾಂಸರಲ್ಲಿ ಕೆಲವರಿಗೆ ಡೆಮ್ಲೊ ಸಂಖ್ಯೆಗಳನ್ನು ರಾಷ್ಟ್ರಕೂಟರ ಕಾಲದಲ್ಲಿಯೇ ಕಂಡುಹಿಡಿದಿದ್ದರೆಂದು ಹೇಳಬೇಕೆನ್ನಿಸುವುದು ಸಹಜ. ಹಾಗೆ ಹೇಳುವುದು ಯುಕ್ತವಲ್ಲ. ಮಹಾವೀರನು ಒಂದು ಸಂಖ್ಯೆಯನ್ನು ಕಂಡು, ಅದರ ಅಪವರ್ತನಗಳನ್ನು ಅರಿತು, ಗುಣಾಕಾರದ ಅಭ್ಯಾಸಕ್ಕೆ ಅದನ್ನು ಬಳಸಿಕೊಂಡನು. ಕಾಪ್ರೇಕರರು ಅಂಥ ಸಂಖ್ಯೆಗಳ ಲಕ್ಷಣವನ್ನು ಹೇಳಿ ಜಾತಿಯನ್ನು ಕಟ್ಟಿದರು. ಉದಾಹರಣೆಯನ್ನು ಕೊಡುವುದು ಬೇರೆ, ಲಕ್ಷಣವನ್ನು ನಿರೂಪಿಸುವುದು ಬೇರೆ. ಹಾಗೆಂದು ಕಾಪ್ರೇಕರರ ಪುಸ್ತಿಕೆಗಳನ್ನು ಕುರಿತು ಬರೆಯುವವರು ಗಣಿತಸಾರಸಂಗ್ರಹದ ಗುಣಾಕಾರ ಪ್ರಕರಣವನ್ನು ಹೆಸರಿಸದೆ ಬಿಡುವುದೂ ಸಲ್ಲದು. 1912ರಿಂದ ಅಚ್ಚಿನಲ್ಲಿರುವ ಗ್ರಂಥವದು.

ಅದ್ಭುತ ಡೆಮ್ಲೊಗಳ ಸಾಲು ಒಂಬತ್ತರಲ್ಲಿ ಮುಗಿಯುತ್ತದೆ. ಹತ್ತು ಒಂದುಗಳ ವರ್ಗದಲ್ಲಿ ನಡುವಿನ ಕಂಬದ ಮೊತ್ತ ಹತ್ತಾಗಿ, ದಶಕವನ್ನು ಎಡಕ್ಕೆ ಒಯ್ಯಲೇಬೇಕಾಗುತ್ತದೆ, ಫಲವು 1234567900987654321. ಬಲಗಡೆಯ ಇಳಿಕೆ ಹಾಗೆಯೇ ಉಳಿದಿದೆ, ಎಡಗಡೆಯ ಏರಿಕೆಯಲ್ಲಿ ಮಾತ್ರ ಎಂಟು ಬಿದ್ದುಹೋಗಿದೆ. ನಡುವಿನ ಸೊನ್ನೆಯನ್ನು ಬಿಟ್ಟು ಎರಡು ಬದಿಯ ಒಂಬತ್ತೊಂಬತ್ತು ಅಂಕಗಳನ್ನು, 123456790 ಮತ್ತು 987654321ನ್ನು, ಕೂಡಿಸಿದರೆ 1111111111 ಬರುತ್ತದೆ; ವರ್ಗಮೂಲವಾಗಿದ್ದ ಹತ್ತು ಒಂದುಗಳೇ ಅವು.